ಮನವಿ ಪತ್ರ: ತಾಲ್ಲೂಕು ಕಾಲೇಜುಗಳ ವಿದ್ಯಾರ್ಥಿಗಳ ಸಂಶೋಧನೆಗೆ ಅನುದಾನ ಕೋರಿ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು.

ಮೂಲಕ: ಮಾನ್ಯ ಉಪವಿಭಾಗಾಧಿಕಾರಿಗಳು, ಬೈಲಹೊಂಗಲ, ಬೆಳಗಾವಿ ಜಿಲ್ಲೆ.

ಮನವಿದಾರರು: ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಪದವಿ ಕಾಲೇಜುಗಳ ವಿದ್ಯಾರ್ಥಿಗಳು, ಉಪನ್ಯಾಸಕರು ಹಾಗೂ ಪಾಲಕರು.

ವಿಷಯ: ಪದವಿ ವಿದ್ಯಾರ್ಥಿಗಳ ಸಂಶೋಧನೆ ಮತ್ತು ನಾವೀನ್ಯ ಪ್ರಾಜೆಕ್ಟುಗಳಿಗೆ ತಾಲ್ಲೂಕು ಮಟ್ಟದ ಅನುದಾನ ನಿಧಿ ಸ್ಥಾಪಿಸುವ ಕುರಿತು.

ಮಾನ್ಯರೇ,

ಪದವಿ ಓದುವ ನಮ್ಮ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಅಳೆದು, ಪರೀಕ್ಷಿಸಿ, ಬರೆದು ತೋರಿಸಲು ಬೇಕಾಗುವ ಸಣ್ಣ ಮೊತ್ತ ಅವರಿಗೆ ಸಿಗಬೇಕು, ಅದೂ ಸೆಮಿಸ್ಟರ್ ಮುಗಿಯುವುದರೊಳಗೆ ಸಿಗಬೇಕು ಎಂಬುದೇ ಈ ಮನವಿಯ ತಿರುಳು. ನಾಲ್ಕೂ ತಾಲ್ಲೂಕುಗಳು ಬೈಲಹೊಂಗಲ ಉಪವಿಭಾಗಕ್ಕೆ ಸೇರಿರುವುದರಿಂದ ಒಟ್ಟಾಗಿಯೇ ಕೇಳುತ್ತಿದ್ದೇವೆ.

ಸಂಶೋಧನೆಗೆ ನಮ್ಮಲ್ಲಿ ವಿಷಯದ ಕೊರತೆಯಿಲ್ಲ. ಸವದತ್ತಿ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆಯ ನೀರು ಎರೆಭೂಮಿಗೆ ಹರಿಯಿತು. ಅದರ ಹಿಂದೆಯೇ ಅಚ್ಚುಕಟ್ಟಿನ ಹೊಲಗಳಲ್ಲಿ ಸವಳು-ಜವಳು ಕಾಣಿಸಿಕೊಂಡಿತು. ಯಾವ ಊರಿನ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ ಉಪ್ಪು ಏರಿದೆ ಎಂಬುದನ್ನು ರಸಾಯನಶಾಸ್ತ್ರ ಓದುವ ಬಿ.ಎಸ್‌ಸಿ. ವಿದ್ಯಾರ್ಥಿಗಳು ಹೊಲದಿಂದ ಹೊಲಕ್ಕೆ ನಡೆದು ದಾಖಲಿಸಬಲ್ಲರು. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಮುನವಳ್ಳಿಗೂ ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೂ ನುಗ್ಗಿತು. ನೀರು ಎಲ್ಲಿಯವರೆಗೆ ಬಂತು, ಎಷ್ಟು ಹೊತ್ತು ನಿಂತಿತು, ಯಾರ ಮನೆಗೆ ಎಚ್ಚರಿಕೆ ಯಾವಾಗ ತಲುಪಿತು ಎಂಬ ನೆನಪು ಆ ಊರುಗಳ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ಭೂಗೋಳದ ವಿದ್ಯಾರ್ಥಿಗಳು ಅದನ್ನು ನಕ್ಷೆಗೆ ಇಳಿಸದೆ ಹೋದರೆ ಮುಂದಿನ ನೆರೆಯಲ್ಲಿ ಮತ್ತೆ ಕತ್ತಲಲ್ಲೇ ತಡಕಾಡಬೇಕಾಗುತ್ತದೆ.

ಬೈಲಹೊಂಗಲ ಹತ್ತಿಗೆ ಹೆಸರಾದ ಪೇಟೆ. ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಹತ್ತಿಕಟ್ಟಿಗೆಗೆ ಬೆಂಕಿ ಬೀಳುತ್ತದೆ. ಸಕ್ಕರೆ ಕಾರ್ಖಾನೆಯಿರುವ ಎಂ.ಕೆ. ಹುಬ್ಬಳ್ಳಿ ಸುತ್ತ ಕಬ್ಬಿನ ರವದಿಯ ಗತಿಯೂ ಅದೇ. ಇವನ್ನು ಗೊಬ್ಬರವಾಗಿ, ಉರುವಲು ಇಟ್ಟಿಗೆಯಾಗಿ ಮಾಡುವ ಪ್ರಯೋಗಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ರಾಮದುರ್ಗದ ನೇಕಾರರ ಕೂಲಿ, ಸಾಲ, ಬೆನ್ನುನೋವು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಅಧ್ಯಯನದ ವಿಷಯ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರಿಗೆ ಕುಡಿಯುವ ನೀರು, ಶೌಚಾಲಯ, ಅವರು ಹೋದ ಮೇಲೆ ಉಳಿಯುವ ಕಸ, ಇವು ಯಾರೂ ಪಠ್ಯಪುಸ್ತಕದಲ್ಲಿ ಬರೆದುಕೊಡಲಾಗದ ಪ್ರಶ್ನೆಗಳು. ಇದೇ ಯಲ್ಲಮ್ಮನ ಹೆಸರಿನಲ್ಲಿ ನಡೆದುಬಂದಿದ್ದ ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ರಾಜ್ಯ ಕಾಯ್ದೆಯ ನಂತರ ಆ ಕುಟುಂಬಗಳ ಮಕ್ಕಳ ಓದು ಎಲ್ಲಿಗೆ ಬಂದಿದೆ ಎಂದು ಕೇಳುವ ಹಕ್ಕು ನಮ್ಮ ಸಮಾಜಶಾಸ್ತ್ರದ ವಿದ್ಯಾರ್ಥಿನಿಯರಿಗೆ ಎಲ್ಲರಿಗಿಂತ ಮೊದಲು ಇದೆ.

ಇಂಥ ಕೆಲಸಕ್ಕೆ ಬೇಕಾಗುವ ಹಣ ಹೆಚ್ಚಲ್ಲ. ಮಣ್ಣು-ನೀರಿನ ಪರೀಕ್ಷೆಯ ಶುಲ್ಕ, ರಾಸಾಯನಿಕ, ಒಂದೆರಡು ಸೆನ್ಸರ್, ಝೆರಾಕ್ಸ್, ಊರೂರು ತಿರುಗುವ ಖರ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿದೆ, ಅದಕ್ಕೆ ನಾವು ಕೃತಜ್ಞರು; ಗಂಡುಮಕ್ಕಳ ಬಸ್ ಪಾಸು ಮನೆಯಿಂದ ಕಾಲೇಜಿನ ದಾರಿಗಷ್ಟೇ ನಡೆಯುತ್ತದೆ. ನಾಲ್ಕರಲ್ಲಿ ಒಂದು ತಾಲ್ಲೂಕು ಕೇಂದ್ರಕ್ಕೂ ರೈಲು ಇಲ್ಲ. ಕೂಲಿಯ ಮನೆಯಿಂದ ಬಂದ ವಿದ್ಯಾರ್ಥಿಗೆ ಐದು ಸಾವಿರ ರೂಪಾಯಿ ಹೊಂದಿಸುವುದು ಆಗದ ಮಾತು. ಆಗ ಅವನು ಹಿಂದಿನ ವರ್ಷದ ಯಾರದೋ ವರದಿಯನ್ನು ನಕಲು ಮಾಡಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಒಪ್ಪಿಸುತ್ತಾನೆ. ಅವನಿಗೆ ಅಂಕ ಸಿಗುತ್ತದೆ, ಕಲಿಕೆ ಸಿಗುವುದಿಲ್ಲ. ಆ ತಪ್ಪನ್ನು ಅವನೊಬ್ಬನ ಮೇಲೆ ಹೊರಿಸಲು ನಮ್ಮ ಮನಸ್ಸು ಒಪ್ಪದು.

ಸರ್ಕಾರಗಳು ಏನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ನೀಡುತ್ತ ಬಂದಿದೆ. ಕೆಲವೇ ಸಾವಿರ ರೂಪಾಯಿ ಕೊಟ್ಟು, ನಡುವೆ ಪರಿಶೀಲಿಸಿ, ಕೊನೆಗೆ ರಾಜ್ಯಮಟ್ಟದ ಪ್ರದರ್ಶನದಲ್ಲಿ ನಿಲ್ಲಿಸುವ ಆ ಕ್ರಮ ಎಷ್ಟು ಚೆನ್ನಾಗಿದೆಯೆಂದರೆ, ನಾವು ಕೇಳುತ್ತಿರುವುದು ಬಹುಪಾಲು ಅದನ್ನೇ. ಆದರೆ ಅದು ಮುಖ್ಯವಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ರೂಪುಗೊಂಡದ್ದು. ಬೆಂಗಳೂರಿನಾಚೆಯ ಕಾಲೇಜುಗಳಿಗೆಂದೇ ಬಂದ ನ್ಯೂ ಏಜ್ ಇನ್ನೋವೇಶನ್ ನೆಟ್‌ವರ್ಕ್ ಒಂದು ಪ್ರಾಜೆಕ್ಟಿಗೆ 3 ಲಕ್ಷ ರೂಪಾಯಿವರೆಗೆ ಕೊಡುವ ಯೋಜನೆ. ಅದೂ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲೇ ಬೆಳೆಯಿತು. ರಾಜ್ಯ ಸರ್ಕಾರದ ಎಲಿವೇಟ್ ಅನುದಾನ 50 ಲಕ್ಷದವರೆಗೆ ಇದ್ದರೂ ಅದು ಸ್ಟಾರ್ಟಪ್‌ಗಳಿಗೆ. ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಸಂಶೋಧನೆಗೇ ಮೀಸಲು. ಆದರೆ ಅದು ಮುಖ್ಯವಾಗಿ ಹನ್ನೆರಡನೆಯ ತರಗತಿಯಲ್ಲಿ ಅಗ್ರ ಸಾಲಿನಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಶಾಲಾ ಬಾಲಕಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಅದೇ ಬಾಲಕಿ ಬೆಳೆದು ಸವದತ್ತಿಯಲ್ಲಿ ಬಿ.ಎ. ಅಥವಾ ಬಿ.ಕಾಂ. ಸೇರಿದಾಗ ಅವಳ ಆಲೋಚನೆಗೆ ಅಷ್ಟೂ ಬೆಲೆಯಿಲ್ಲ. ಈ ಒಂದು ಸಂಗತಿಯನ್ನು ಪರಿಷತ್ತು ಗಂಭೀರವಾಗಿ ಪರಿಗಣಿಸಬೇಕು. ರೈತ ವಿದ್ಯಾನಿಧಿಯಲ್ಲಿ ಪದವಿ ವಿದ್ಯಾರ್ಥಿಗೆ ಬರುವ 5,000, ವಿದ್ಯಾರ್ಥಿನಿಗೆ ಬರುವ 5,500 ರೂಪಾಯಿ ಫೀಸು, ಪುಸ್ತಕಗಳಿಗೇ ಮುಗಿಯುತ್ತದೆ.

2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನೆಗೆ ಅವಕಾಶವಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಬಡ ಮನೆಗಳಿಗೆ ಒಂದು ವರ್ಷದ ಖರ್ಚು ಉಳಿದದ್ದು ನಿಜ, ಆ ನಿರ್ಧಾರವನ್ನು ನಾವು ಪ್ರಶ್ನಿಸುತ್ತಿಲ್ಲ. ಸಂಶೋಧನೆಗೆ ಇದ್ದ ಜಾಗ ಮಾತ್ರ ಹೋಯಿತು. ಅದನ್ನು ಮೂರು ವರ್ಷದೊಳಗೇ ತುಂಬಿಕೊಡುವ ಹೊಣೆ ಪರಿಷತ್ತಿನದು.

ಓದಿಗೆ ಹಣ ತೆಗೆದಿಡುವುದು ಈ ನೆಲಕ್ಕೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಆ ಆಸ್ತಿಯಿಂದ ನಡೆದುಬಂದ ನವಲಗುಂದ-ಸಿರಸಂಗಿ ಟ್ರಸ್ಟಿನ ನೆರವಿನಲ್ಲಿ ಓದಿದವರು ಈ ಭಾಗದಲ್ಲಿ ತಲೆಮಾರುಗಳುದ್ದಕ್ಕೂ ಇದ್ದಾರೆ. ಆ ಸಿರಸಂಗಿ ಇರುವುದು ಸವದತ್ತಿ ತಾಲ್ಲೂಕಿನಲ್ಲಿ. ಒಬ್ಬ ದೇಸಾಯಿ ತನ್ನ ಸ್ವಂತದಿಂದ ಮಾಡಿದ್ದನ್ನು ಇಂದು ಸರ್ಕಾರ ಸಾರ್ವಜನಿಕ ಹಣದಿಂದ, ಎಲ್ಲ ಜಾತಿಯ ಮಕ್ಕಳಿಗೂ ಮಾಡಲಿ ಎಂದು ಕೇಳುತ್ತಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆಗಳು:

ಪ್ರತಿ ತಾಲ್ಲೂಕಿಗೂ ವಿದ್ಯಾರ್ಥಿ ಸಂಶೋಧನಾ ನಿಧಿ ಬೇಕು. ವರ್ಷಕ್ಕೆ 25 ಪ್ರಾಜೆಕ್ಟು, ಒಂದಕ್ಕೆ 5,000ದಿಂದ 25,000 ರೂಪಾಯಿ. ಸರಾಸರಿ 15,000 ಎಂದು ಹಿಡಿದರೂ ತಾಲ್ಲೂಕಿಗೆ 3.75 ಲಕ್ಷ, ನಾಲ್ಕಕ್ಕೂ ಸೇರಿ 15 ಲಕ್ಷ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಅಂದಾಜಿಸಿರುವ ದೇಶದಲ್ಲಿ ಇದು ದೊಡ್ಡ ಕೇಳಿಕೆಯಲ್ಲ. ಕಲೆ, ವಾಣಿಜ್ಯ, ವಿಜ್ಞಾನ, ಬಿ.ಸಿ.ಎ. ಎಲ್ಲ ವಿಭಾಗಗಳಿಗೂ ಇದು ತೆರೆದಿರಲಿ, ಅರ್ಧದಷ್ಟು ಪ್ರಾಜೆಕ್ಟುಗಳು ವಿದ್ಯಾರ್ಥಿನಿಯರವಾಗಿರಲಿ.

ಹಣ ಮುಂಗಡವಾಗಿ ಬರಬೇಕು. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ಕೊಡಿ ಎನ್ನುವ ಯೋಜನೆ ಕೈಯಲ್ಲಿ ಹಣವಿರುವವರಿಗಷ್ಟೇ ಒದಗುತ್ತದೆ. ಸೆಮಿಸ್ಟರಿನಲ್ಲಿ ಪಾಠಕ್ಕೆ ಸಿಗುವುದು ನಾಲ್ಕು ತಿಂಗಳ ಆಸುಪಾಸು; ಪರೀಕ್ಷೆ ಮುಗಿದ ಮೇಲೆ ಮಂಜೂರಾದ ಅನುದಾನ, ಬಿತ್ತುವ ಹದ ಆರಿದ ಮೇಲೆ ಬಂದ ಬೀಜದಂತೆ. ಅರ್ಜಿ ಹಾಕಿದ ಮೂವತ್ತು ದಿನದೊಳಗೆ ತೀರ್ಮಾನವಾಗಲಿ, ಮಂಜೂರಾದ ಹದಿನೈದು ದಿನದೊಳಗೆ ಮುಕ್ಕಾಲು ಪಾಲು ವಿದ್ಯಾರ್ಥಿಯ ಖಾತೆಗೆ ಜಮೆಯಾಗಲಿ. ಲೆಕ್ಕ ಕೊಡಲು ನಾವು ಸಿದ್ಧ. ಆದರೆ ಟಂಟಂ ಚಾಲಕರಿಂದಲೂ ಸಂತೆಯ ಅಂಗಡಿಯಿಂದಲೂ ಜಿ.ಎಸ್.ಟಿ. ಬಿಲ್ಲು ಸಿಗುವುದಿಲ್ಲ. 1,000 ರೂಪಾಯಿವರೆಗಿನ ಖರ್ಚಿಗೆ ಮಾರ್ಗದರ್ಶಕರು ಸಹಿ ಮಾಡಿದ ಚೀಟಿಯನ್ನೇ ಒಪ್ಪಿಕೊಳ್ಳಿ.

ಅರ್ಜಿ, ವರದಿ, ಸಂದರ್ಶನ ಎಲ್ಲವೂ ಕನ್ನಡದಲ್ಲಿರಲಿ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಕನ್ನಡದಲ್ಲೇ ಯೋಚಿಸುತ್ತಾನೆ; ಇಂಗ್ಲಿಷ್ ಅರ್ಜಿ ತುಂಬಲು ಬಾರದೆ ಒಳ್ಳೆಯ ಪ್ರಶ್ನೆಯೊಂದು ಕಳೆದುಹೋಗಬಾರದು.

ಮಾರ್ಗದರ್ಶನದ ವಿಷಯ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರ ನೇಮಕ ವರ್ಷವರ್ಷಕ್ಕೂ ಹೊಸದಾಗುವುದರಿಂದ ಯಾವ ಪ್ರಾಜೆಕ್ಟಿನ ಹೊಣೆಯನ್ನೂ ಅವರ ಹೆಸರಿಗೆ ಕೊಡುವುದಿಲ್ಲ. ಪಾಠ ಹೇಳಲು ಅರ್ಹರಾದವರು ಪ್ರಾಜೆಕ್ಟಿಗೂ ಅರ್ಹರೆಂದು ಆದೇಶ ಹೊರಡಿಸಿ, ಅವರಿಗೆ ಸಣ್ಣದಾದರೂ ಗೌರವಧನ ಕೊಡಬೇಕು. ನ್ಯಾಕ್ ಮಾನ್ಯತೆ ಇಲ್ಲವೆಂಬ ಅಥವಾ ಯು.ಜಿ.ಸಿ.ಯ 12(ಬಿ) ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಯಾವ ಕಾಲೇಜಿನ ವಿದ್ಯಾರ್ಥಿಯನ್ನೂ ಹೊರಗಿಡಬಾರದು.

ಪ್ರಯೋಗಾಲಯಗಳು ನಮಗೆ ದೂರವಿಲ್ಲ. ಕಿತ್ತೂರಿನಿಂದ ಧಾರವಾಡ ಸುಮಾರು ಮೂವತ್ತು ಕಿಲೋಮೀಟರು. ಅಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯದ ವೈಜ್ಞಾನಿಕ ಉಪಕರಣ ಕೇಂದ್ರವಿದೆ, 2016ರಿಂದ ಐ.ಐ.ಟಿ. ಇದೆ, ಬೆಳಗಾವಿಯಲ್ಲಿ ವಿ.ಟಿ.ಯು. ಇದೆ. ಈ ಸಂಸ್ಥೆಗಳೊಂದಿಗೆ ಪರಿಷತ್ತೇ ಒಡಂಬಡಿಕೆ ಮಾಡಿಕೊಂಡು, ಮಂಜೂರಾದ ಪ್ರಾಜೆಕ್ಟಿನ ಮಾದರಿಗಳನ್ನು ರಿಯಾಯಿತಿ ದರದಲ್ಲಿ ಪರೀಕ್ಷಿಸುವ ಏರ್ಪಾಟು ಮಾಡಬೇಕು.

ಆಯ್ಕೆ ಸಮಿತಿ ಬೈಲಹೊಂಗಲದಲ್ಲೇ ಸೇರಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪ್ರತಿನಿಧಿ, ಕೃಷಿ ಇಲಾಖೆಯವರು, ಒಬ್ಬ ರೈತ, ಒಬ್ಬ ನೇಕಾರ ಅದರಲ್ಲಿರಲಿ. ಮಂಜೂರಾದ, ತಿರಸ್ಕೃತವಾದ ಅರ್ಜಿಗಳ ಪಟ್ಟಿಯನ್ನು ಕಾರಣಸಹಿತ ಪ್ರಕಟಿಸಲಿ. ಮುಗಿದ ವರದಿಗಳ ಪ್ರತಿ ಆಯಾ ಗ್ರಾಮ ಪಂಚಾಯಿತಿಗೆ ತಲುಪಲಿ; ಸವಳಿನ ನಕ್ಷೆ ಕಪಾಟಿನಲ್ಲಿ ಕುಳಿತರೆ ಮಾಡಿದ ಕೆಲಸ ವ್ಯರ್ಥ.

ಈ ಬೇಡಿಕೆಗಳನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ನಮ್ಮ ಪ್ರತಿನಿಧಿಗಳಿಗೆ ಅಹವಾಲು ಹೇಳಿಕೊಳ್ಳಲು ಸಮಯ ನೀಡಬೇಕೆಂದೂ, ಮುಂಬರುವ ಶೈಕ್ಷಣಿಕ ವರ್ಷದಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ನಿಧಿಯನ್ನು ಆರಂಭಿಸಬೇಕೆಂದೂ ಕೋರುತ್ತೇವೆ. ಪರಿಷತ್ತಿನ ನಿರ್ಧಾರವನ್ನು ಲಿಖಿತವಾಗಿ ಉಪವಿಭಾಗಾಧಿಕಾರಿಗಳ ಕಚೇರಿಯ ಮೂಲಕ ತಿಳಿಸಬೇಕಾಗಿ ವಿನಂತಿ.

ಸ್ಥಳ: ಬೈಲಹೊಂಗಲ

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು, ಉಪನ್ಯಾಸಕರು ಹಾಗೂ ಪಾಲಕರು

ಪ್ರತಿಗಳು: ಕುಲಪತಿಗಳು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬೆಳಗಾವಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರು, ಜಿಲ್ಲಾಧಿಕಾರಿಗಳು, ಬೆಳಗಾವಿ.