ಮಾತ್ರೆಗೂ ನಾಲ್ಕು ವಾರ ಬೇಕು



ನಮ್ಮ ಮಾಗಳದ ಒಬ್ಬ ಬಾಣಂತಿ ಎರಡು ತಿಂಗಳಾದರೂ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮಗು ಅತ್ತರೂ ಎತ್ತಿಕೊಳ್ಳಲು ಮನಸ್ಸಿಲ್ಲ. ಮನೆಯವರು ಮೊದಲು ತಾವೀಜು ಕಟ್ಟಿಸಿದರು, ಆಮೇಲೆ ಡಾಕ್ಟರರಲ್ಲಿಗೆ ಕರೆದೊಯ್ದರು. ಡಾಕ್ಟರರು ಖಿನ್ನತೆಗೆ ಮಾತ್ರೆ ಬರೆದರು. ಹತ್ತನೇ ದಿನ ಅತ್ತೆ ಆ ಮಾತ್ರೆಗಳನ್ನು ಕಪಾಟಿನ ಮೇಲೆ ಎಸೆದು, "ಏನೂ ಗುಣವಿಲ್ಲ, ಇವಳಿಗೆ ಈಮಾನೇ ಕಡಿಮೆ" ಅಂದುಬಿಟ್ಟರು.

ಈಮಾನಿನ ಮಾತು ಬಿಡಿ. ಮಗನ ಅಗಲಿಕೆಯಲ್ಲಿ ಹಝ್ರತ್ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು. ಪ್ರವಾದಿಯ ಈಮಾನನ್ನು ಅಳೆಯುವವರು ಯಾರು? ಆದರೆ ಹತ್ತು ದಿನದಲ್ಲಿ ಗುಣವೇಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿದೆ. ಅದನ್ನು ಹೆಚ್ಚಾಗಿ ಹೇಳಿಕೊಟ್ಟದ್ದು ಇಲಿಗಳು.

ಮಿದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಸಿರೊಟೋನಿನ್ ಒಂದು. ಅದು ಹೋಗಿ ತಟ್ಟುವ ಬಾಗಿಲಿಗೆ ಗ್ರಾಹಕ, ಅಂದರೆ ರಿಸೆಪ್ಟರ್ ಎನ್ನುತ್ತಾರೆ. ಇಂಥ ಬಾಗಿಲುಗಳು 14 ಬಗೆ. ಇಂದು ಹೆಚ್ಚಾಗಿ ಕೊಡುವ ಮಾತ್ರೆಗಳು, ಒಮ್ಮೆ ಹೊರಬಂದ ಸಿರೊಟೋನಿನನ್ನು ಕೋಶವು ಮತ್ತೆ ಹೀರಿಕೊಳ್ಳದಂತೆ ತಡೆಯುತ್ತವೆ. ಈ ಕೆಲಸ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಹಾಗಿದ್ದರೆ ತಡವೇಕೆ?

ಸಿರೊಟೋನಿನ್ ತಯಾರಿಸುವ ಕೋಶದ ಮೈಮೇಲೆಯೇ 1ಎ ಎಂಬ ಗ್ರಾಹಕವಿದೆ. ಉಗ್ರಾಣದ ಬೀಗದಕೈ ಸೆರಗಿಗೆ ಕಟ್ಟಿಕೊಂಡ ಹಿರಿಯಜ್ಜಿಯಂತೆ ಅದು. ಹೊರಗೆ ಸಿರೊಟೋನಿನ್ ಹೆಚ್ಚಾದೊಡನೆ "ಸಾಕು, ನಿಲ್ಲಿಸು" ಎನ್ನುತ್ತದೆ, ಕೋಶ ನಿಧಾನವಾಗುತ್ತದೆ. ಇಲಿಗಳಿಗೆ ಎರಡು ಮೂರು ವಾರ ದಿನವೂ ಔಷಧಿ ಕೊಟ್ಟಾಗ ಅಜ್ಜಿಯ ಬಿಗಿ ಸಡಿಲವಾಗಿ, ಕೋಶ ಮೊದಲಿನ ವೇಗಕ್ಕೆ ಮರಳುವುದು ಕಂಡಿದೆ.

2003ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಸಿದ ಸಣ್ಣಿಲಿಗಳನ್ನು ಬೆಳಕಿನ ಬಯಲಿಗೆ ಬಿಟ್ಟು ನಡುವೆ ಆಹಾರವಿಟ್ಟರು. ಹೊಟ್ಟೆ ಹಸಿದಿದೆ, ಆದರೆ ಗೋಡೆಯ ಮೂಲೆ ಬಿಡಲು ಅಂಜಿಕೆ. (ಕೋಣೆ ಬಿಡದ ನಮ್ಮ ಬಾಣಂತಿ ನನಗೆ ನೆನಪಾದಳು.) ಫ್ಲುಯೊಕ್ಸೆಟಿನ್ 5 ದಿನ ಕೊಟ್ಟರೆ ವ್ಯತ್ಯಾಸವಿಲ್ಲ. 28 ದಿನ ಕೊಟ್ಟಾಗ ಇಲಿಗಳು ಬೇಗ ಆಹಾರದ ಬಳಿ ಹೋದವು. ಹುಟ್ಟಿನಿಂದಲೇ 1ಎ ಗ್ರಾಹಕವಿಲ್ಲದ ಇಲಿಗಳಿಗೆ ಮಾತ್ರ ಆ ಔಷಧಿ ಉಪಯೋಗಕ್ಕೆ ಬರಲಿಲ್ಲ. ಅಂದರೆ ತಡ ಮಾಡಿಸುವ ಬಾಗಿಲೂ ಅದೇ, ಗುಣ ಕೊಡುವ ದಾರಿಯಲ್ಲಿರುವ ಬಾಗಿಲೂ ಅದೇ! ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ, ಖಿನ್ನತೆಯ ಲಕ್ಷಣಗಳಿರುವ ಇಲಿಗಳಿಗೆ ಎಸ್ಸಿಟಾಲೊಪ್ರಾಮ್ ಕೊಟ್ಟಾಗ ಅವುಗಳ ಕಲಿಯುವ ಶಕ್ತಿ ಮರಳಿತೆಂದು 2011ರಲ್ಲಿ ವರದಿಯಾಗಿದೆ.

ಇಲಿ ಮನುಷ್ಯನಲ್ಲ, ನಿಜ. ತನಗೆ ದುಃಖವಾಗಿದೆಯೆಂದು ಅದು ಬಾಯಿಬಿಟ್ಟು ಹೇಳದು. ಸಿರೊಟೋನಿನ್ ಕಡಿಮೆಯಾದರೆ ಖಿನ್ನತೆ ಎಂಬ ಸರಳ ಲೆಕ್ಕಕ್ಕೂ ಗಟ್ಟಿ ಆಧಾರವಿಲ್ಲವೆಂದು 2022ರಲ್ಲಿ ಲಂಡನ್ನಿನ ತಜ್ಞರು ಬರೆದರು. ಆ ಚರ್ಚೆ ಇನ್ನೂ ನಡೆದಿದೆ. ಆದರೆ ಮನುಷ್ಯರಲ್ಲೂ ಪೂರ್ಣ ಪರಿಣಾಮ ತಿಳಿಯಲು ಕೆಲವು ವಾರ ಬೇಕೆಂಬುದು ಡಾಕ್ಟರರ ದಿನದ ಅನುಭವ. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಬರಬಹುದು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಕೇಳಿ ನಿಲ್ಲಿಸಬೇಕು. ಸಾಯುವ ಮಾತು ಬಂದರಂತೂ ಅದೇ ದಿನ ಡಾಕ್ಟರರ ಬಳಿ ಹೋಗಬೇಕು.

ನಮ್ಮ ಸೀಮೆಗೆ ಇದು ಹೊಸತೂ ಅಲ್ಲ. ಹಡಗಲಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೆ ಮನೋರೋಗ ಚಿಕಿತ್ಸೆ ಕಲಿಸಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಹೊರಗೆ ಹೋಗಲು ಸಂಕೋಚವಾದರೆ, 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್‌ಗೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಡಾಕ್ಟರರನ್ನು ಕೇಳಿ ಮಾತ್ರೆ ಮತ್ತೆ ಶುರುಮಾಡಿದರು, ದುವಾವನ್ನೂ ಬಿಡಲಿಲ್ಲ. ಆರನೇ ವಾರ ಹೋದಾಗ ಸೊಸೆ ಪಡಸಾಲೆಯಲ್ಲಿ ಕುಳಿತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನಿದ್ದೆ ಮಾತ್ರ ಇನ್ನೂ ಸರಿಯಾಗಿ ಬರುತ್ತಿಲ್ಲವಂತೆ.