ಗರಗಸಕ್ಕೆ ಬಲವೋ, ಹರಿತವೋ?

ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಗಾಳಿಮಳೆಗೆ ಉರುಳಿದ ಮರಗಳನ್ನು ಕತ್ತರಿಸುವ ನಮ್ಮೂರಿನ ಯುವಕನೊಬ್ಬ, ತನ್ನ ಯಂತ್ರಗರಗಸಕ್ಕೆ ದೊಡ್ಡ ಬೋರಿನ ಸಿಲಿಂಡರ್ ಜೋಡಿಸಲೇ ಎಂದು ಕೇಳಿದ.

ಬೋರು 45 ಮಿ.ಮೀ.ನಿಂದ 48ಕ್ಕೆ ಹಿಗ್ಗಿದರೆ ಎಂಜಿನ್ನಿನ ಸಾಮರ್ಥ್ಯ ಸುಮಾರು ಶೇ. 14ರಷ್ಟು ಹಿರಿದಾಗುತ್ತದೆ, ನಿಜ. ಆದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಜೀವ. ಕಾರ್ಬ್ಯುರೇಟರನ್ನು ತಕ್ಕಂತೆ ಹೊಂದಿಸದಿದ್ದಲ್ಲಿ ಮಿಶ್ರಣ ಸಾಲದೆ ಪಿಸ್ಟನ್ ಕಾದು ಸೀಜ್ ಆಗುತ್ತದೆ.

ಬಿದ್ದ ಮರಕ್ಕೆ ಅರದಿಂದ ಹರಿತಗೊಳಿಸಿದ ಸರಪಳಿಯೇ ಸಾಕು. ನಿಂತ ಮರಕ್ಕಾದರೆ, ವಿನಾಯಿತಿಯ ಜಾತಿಗಳನ್ನುಳಿದು, 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು.

1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ಧಾವಿಸಿ ಮರಗಳನ್ನು ಅಪ್ಪಿಕೊಂಡರು. ಕೊಡಲಿಯ ನಿಧಾನ ಊರವರಿಗೆ ಅಷ್ಟು ಸಮಯ ಕೊಡುತ್ತಿತ್ತು. ಯಂತ್ರದ ವೇಗ ಕೊಡದು. ಆ ವೇಗವನ್ನು ಇನ್ನೂ ಹೆಚ್ಚಿಸುವ ಮುನ್ನ ಯೋಚಿಸೋಣ.