ಬಾಟಲಿ ಅಂಟಿಸಿ, ನಿದ್ದೆ ಮಾಡಿ

ಈ ವಾರ ಮುಂಬಯಿಯ ವಡಾಲದ ನಮ್ಮ ಹೌಸಿಂಗ್ ಸೊಸೈಟಿಯ ಸಭೆಗೆ ಪ್ಯಾನೆಲ್ ಮಾರುವವನೊಬ್ಬ ಬಂದಿದ್ದ. ಬಿಸಾಡಿದ ನೀರಿನ ಬಾಟಲಿಗಳನ್ನು ಕರಗಿಸಿ, ಎಳೆ ತೆಗೆದು, ಒತ್ತಿ ಮಾಡಿದ ಹಲಗೆಗಳು. ಬೂದು, ಪಾಚಿ, ಕಾವಿ, ಬೇಕಾದ ಬಣ್ಣ. ಗೋಡೆಗೆ ಅಂಟಿಸಿದರೆ ಸಾಕಂತೆ: ಪಕ್ಕದ ಮನೆಯ ಟಿವಿ ಬಂದ್, ಎದುರಿನ ಸೈಟಿನ ಡ್ರಿಲ್ ಬಂದ್, ಜೊತೆಗೆ ಭೂತಾಯಿಯ ಸೇವೆ. ಇದು ಎಷ್ಟು ಡೆಸಿಬೆಲ್ ತಡೆಯುತ್ತದಪ್ಪಾ ಎಂದು ಕೇಳಿದೆ. ಒಂದು ಹಲಗೆಗೆ ಎಷ್ಟು ಬಾಟಲಿ ಹಿಡಿಯುತ್ತದೆ ಎಂಬ ಲೆಕ್ಕ ಕೊಟ್ಟ. ಮತ್ತೆ ಕೇಳಿದೆ. ಮತ್ತೆ ಬಾಟಲಿ. ಸೆಕ್ರೆಟರಿ ಕಣ್ಣು ಕೆಂಪಗೆ ಮಾಡಿಕೊಂಡರು. ಪರಿಸರಕ್ಕೆ ಅಡ್ಡಗಾಲು ಹಾಕುವ ಮುದುಕ ಎಂಬ ಬಿರುದು ನನಗೆ ಅಲ್ಲೇ, ಚಹಾ ಬರುವ ಮೊದಲೇ ಸಂದಾಯವಾಯಿತು.

ಹೀಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಮೈಕ್ ಕಿತ್ತುಕೊಳ್ಳುವುದಿಲ್ಲ.

ಬಾಟಲಿಯ ಹಲಗೆ ಕೆಟ್ಟದ್ದಲ್ಲ. ಅದರ ಕೆಲಸವೇ ಬೇರೆ. ಸಾಮಾನಿಲ್ಲದ ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್‌ಗುಡುತ್ತದಲ್ಲ, ಆ ಮಾರ್ದನಿಯನ್ನು ಅದು ಹೀರಿಕೊಳ್ಳುತ್ತದೆ. ಆಫೀಸಿನ ಮೀಟಿಂಗ್ ರೂಮಿಗೆ, ರೆಕಾರ್ಡಿಂಗ್ ಸ್ಟುಡಿಯೊಕ್ಕೆ ಅದು ತಕ್ಕದ್ದು. ಆದರೆ ಆಚೆ ಮನೆಯಿಂದ ಗೋಡೆ ದಾಟಿ ಬರುವ ಸದ್ದನ್ನು ತಡೆಯಬೇಕಾದರೆ ಬೇಕಾದ್ದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಸದ್ದು ಐದಾರು ಡೆಸಿಬೆಲ್ ಇಳಿಯುತ್ತದೆ ಎಂಬುದು ಈ ವಿದ್ಯೆಯ ಮೊದಲ ಪಾಠ. ಬೆರಳಿನಷ್ಟೂ ದಪ್ಪವಿಲ್ಲದ, ಒಂದು ಕೈಯಲ್ಲಿ ಎತ್ತಿ ಆಡಿಸಬಹುದಾದ ಹಲಗೆಗೆ ತೂಕ ಎಲ್ಲಿಂದ ಬರಬೇಕು? ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಬಡಿದು ಸದ್ದು ನಿಲ್ಲಿಸಿದೆವೆಂದು ಬೀಗುವ ಹುಡುಗರಿದ್ದಾರೆ. ಅದೂ ಮರುಬಳಕೆಯೇ, ಅದೂ ಈ ಕೆಲಸಕ್ಕೆ ನಿಷ್ಪ್ರಯೋಜಕವೇ. ಟ್ರೇ ಪುಕ್ಕಟೆ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ವಡಾಲಕ್ಕೆ ಈ ಹಲಗೆಯವರು ಏಕೆ ದಾಳಿಯಿಟ್ಟಿದ್ದಾರೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫೈವ್ ಗಾರ್ಡನ್ಸ್‌ನಿಂದ ಆಂಟಾಪ್ ಹಿಲ್‌ವರೆಗೆ ರೀಡೆವಲಪ್‌ಮೆಂಟಿನ ಬೋರ್ಡು ನೇತಾಡದ ಗಲ್ಲಿ ಹುಡುಕುವುದು ಕಷ್ಟ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ಬ್ರೇಕರ್ ಯಂತ್ರಕ್ಕೆ ಇದನ್ನು ಯಾರಾದರೂ ಓದಿ ಹೇಳಬೇಕು. 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಧೂಳಿನ ಮೇಲೆ ಕಣ್ಣಿಟ್ಟಿತು. ಸೈಟುಗಳ ಸುತ್ತ 25 ಅಡಿ, 35 ಅಡಿ ಎತ್ತರದ ತಗಡು ಎದ್ದು ನಿಂತಿತು. ಸಂದುಗಳಿಂದ ತುಂಬಿದ ಆ ತಗಡು ಸರಿಯಾಗಿ ಸದ್ದು ತಡೆಯದು, ಗಾಳಿ ಬೀಸಿದರೆ ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸುತ್ತದೆ. ಇನ್ನು 2025ರ ಜನವರಿಯಲ್ಲಿ ಕುರ್ಲಾ ನೆಹರೂ ನಗರದ ನಿವಾಸಿಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ ಧ್ವನಿವರ್ಧಕ ಯಾವ ಧರ್ಮದ ಅಗತ್ಯ ಭಾಗವೂ ಅಲ್ಲ ಎಂದದ್ದು ನೆನಪಿದೆಯಲ್ಲ. ಟಿವಿಗಳು ವಾರಗಟ್ಟಲೆ ಕಿರುಚಿದವು. ಡ್ರಿಲ್ಲಿಗೆ ಧರ್ಮವಿಲ್ಲ, ಆದ್ದರಿಂದ ಅದರ ಬಗ್ಗೆ ಚರ್ಚೆಯೂ ಇಲ್ಲ.

ನಡುವೆ ಒಂದು ಮಾತು. ಈ ಊರಿನಲ್ಲಿ ಸದ್ದಿನ ಬಗ್ಗೆ ಸ್ವಲ್ಪ ಮರ್ಯಾದೆ ಇಟ್ಟುಕೊಂಡ ಒಂದೇ ವಾಹನ ನಮ್ಮ ಮೊನೊರೈಲು. ರಬ್ಬರ್ ಗಾಲಿಗಳ ಮೇಲೆ ಓಡುತ್ತಿತ್ತು. ಹಾರ್ಬರ್ ಲೈನಿನ ಗಾಡಿಗಳಂತೆ ಎದೆಗೆ ಗುದ್ದುತ್ತಿರಲಿಲ್ಲ. 2025ರ ಆಗಸ್ಟಿನ ಮಳೆಯಲ್ಲಿ ಅದು ಮೈಸೂರು ಕಾಲನಿ ಮತ್ತು ಭಕ್ತಿ ಪಾರ್ಕ್ ನಡುವೆ ಜನರನ್ನು ಹೊತ್ತುಕೊಂಡೇ ಎತ್ತರದಲ್ಲಿ ನಿಂತುಬಿಟ್ಟಿತು, ಮರುತಿಂಗಳು ಸೇವೆಯೇ ನಿಂತಿತು. ವಡಾಲದಲ್ಲಿ ಸದ್ದು ಮಾಡದವರಿಗೆ ಉಳಿಗಾಲವಿಲ್ಲ.

ಈಗ ನನ್ನ ಹಳೆಯ ಜಪಕ್ಕೆ ಬರುತ್ತೇನೆ. ಈ ಅಂಕಣವನ್ನು ಬಿಡದೆ ಓದುವವರಿಗೆ ಅದು ಬಾಯಿಪಾಠವಾಗಿರಬೇಕು: ಕಾರ್ಪೆಟ್ ಏರಿಯಾ. ನಮ್ಮ ಜನ ಮನೆ ಕೊಳ್ಳುವಾಗ ಟೇಪು ಹಿಡಿದು ಕೋಣೆಯ ಅಗಲ ಅಳೆಯುತ್ತಾರೆ, ಗೋಡೆಯ ದಪ್ಪವನ್ನು ಅಳೆದವರನ್ನು ನಾನು ಕಂಡಿಲ್ಲ. ಬಿಲ್ಡರ್ ಅಳೆಯುತ್ತಾನೆ. ಎಷ್ಟು ಕಟ್ಟಬಹುದೆಂಬ ಎಫ್‌ಎಸ್‌ಐ ಲೆಕ್ಕದಲ್ಲಿ ಗೋಡೆಯೂ ಕಟ್ಟಿದ ಜಾಗವೇ. ಆದರೆ 2016ರ ರೇರಾ ಕಾಯ್ದೆಯ ಕಾರ್ಪೆಟ್ ಏರಿಯಾದಲ್ಲಿ ಫ್ಲ್ಯಾಟಿನ ಹೊರಗೋಡೆ ಸೇರುವುದಿಲ್ಲ. ಅಂದರೆ ದಪ್ಪ ಗೋಡೆ ಅವನ ಪಾಲಿಗೆ ಮಾರಲಾಗದ ಸರಕು.

ಲೆಕ್ಕ ಹಾಕಿ. ಎರಡು ಫ್ಲ್ಯಾಟುಗಳ ನಡುವೆ 20 ಅಡಿ ಉದ್ದದ ಗೋಡೆ. ಮೊದಲು 9 ಇಂಚು, ಈಗ 4 ಇಂಚು. ಉಳಿದದ್ದು ಎಂಟು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಮಹಡಿಗೆ ನಾಲ್ಕು ಫ್ಲ್ಯಾಟ್, ನಡುವೆ ಮೂರು ಗೋಡೆ. 22 ಮಹಡಿಗಳಿಗೆ 66 ಗೋಡೆ. ಕೂಡಿಸಿದರೆ 550 ಚದರ ಅಡಿ. ನಿಮ್ಮೆಲ್ಲರ ಗೋಡೆಗಳಿಂದ ಕೆತ್ತಿ ತೆಗೆದ ಇಂಚುಗಳಿಂದ ಅವನಿಗೊಂದು ಇಡೀ ಫ್ಲ್ಯಾಟ್ ಹುಟ್ಟಿತು. ಆ ಫ್ಲ್ಯಾಟಿನ ಬೆಲೆ ವಡಾಲದಲ್ಲಿ ಎಷ್ಟೆಂದು ನೀವೇ ಯಾವ ಏಜೆಂಟನನ್ನಾದರೂ ಕೇಳಿ. ಪಕ್ಕದ ಮನೆಯವರ ಗೊರಕೆ ನಿಮಗೆ ಉಚಿತ.

ಇದು ನಿಯಮವಿಲ್ಲದ ಊರೇನೂ ಅಲ್ಲ. ಕೈಗಾರಿಕೆಯದಲ್ಲದ ಕಟ್ಟಡಗಳಲ್ಲಿ ಸದ್ದು ತಡೆಯುವುದು ಹೇಗೆ ಎಂದು ಭಾರತೀಯ ಮಾನಕ ಸಂಸ್ಥೆ 1962ರಲ್ಲೇ ಐಎಸ್ 1950 ಎಂಬ ಸಂಹಿತೆ ಬರೆದಿಟ್ಟಿದೆ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ಎಂಟನೆಯ ಭಾಗದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಒಂದು ಮನೆಗೂ ಇನ್ನೊಂದಕ್ಕೂ ನಡುವಿನ ಗೋಡೆ ಸುಮಾರು 50 ಡೆಸಿಬೆಲ್ ತಡೆಯಬೇಕು ಎಂಬುದು ಅಂದಾಜು ಗುರಿ. ಎರಡೂ ಕಡೆ ಗಾರೆ ಬಳಿದ 9 ಇಂಚಿನ ಇಟ್ಟಿಗೆ ಗೋಡೆ ಹೆಚ್ಚುಕಡಿಮೆ ಅಷ್ಟನ್ನು ತಡೆಯುತ್ತದೆ. ಈಗಿನ 4 ಇಂಚಿನ ಎಎಸಿ ಬ್ಲಾಕ್ ತಡೆಯುವುದು 40ರ ಆಸುಪಾಸು, ಕೆಲಸ ಕೆಟ್ಟಿದ್ದರೆ ಇನ್ನೂ ಕಡಿಮೆ. ಅದರ ತೂಕ ಇಟ್ಟಿಗೆಯ ಮೂರನೇ ಒಂದು ಪಾಲು. ಅದರಲ್ಲೂ ವಿದ್ಯುತ್ ಸ್ಥಾವರದ ಹಾರುಬೂದಿ ಇದೆ, ಹಾಗಾಗಿ ಅದಕ್ಕೂ ಹಸಿರು ಸರ್ಟಿಫಿಕೇಟು. ಹಗುರವಿದ್ದಷ್ಟೂ ಕಂಬಕ್ಕೆ, ಅಡಿಪಾಯಕ್ಕೆ ಕಬ್ಬಿಣ ಕಡಿಮೆ. ಎತ್ತರದ ಕಟ್ಟಡಕ್ಕೆ ಅದು ಬೇಕಾದದ್ದೇ, ಒಪ್ಪೋಣ. ಆದರೆ ಉಳಿದ ಕಬ್ಬಿಣದ ದುಡ್ಡು ನಿಮ್ಮ ಕಿವಿಯ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದೆ ಹೀಗಿರಲಿಲ್ಲ. 1896ರ ಪ್ಲೇಗಿನ ಬೆನ್ನಿಗೆ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ವಡಾಲಗಳ ಬಡಾವಣೆ ಹಾಕುವಾಗ ಗಾಳಿಗೆಂದು ಕಟ್ಟಡಗಳ ನಡುವೆ ಜಾಗ ಬಿಡಿಸಿತು. ಗಾಳಿಗೆ ಬಿಟ್ಟ ಜಾಗ ಕಿವಿಗೂ ಒದಗಿತು. ಹಳೆಯದೆಲ್ಲ ಚಿನ್ನ ಎಂದು ಹಾಡುವವನಲ್ಲ ನಾನು. ಮರದ ತೊಲೆ, ಹಲಗೆಯ ನೆಲದ ಕಟ್ಟಡಗಳಲ್ಲಿ ಮೇಲಿನ ಮನೆಯವರು ಬಚ್ಚಲಿಗೆ ಹೊರಟರೆ ಕೆಳಗಿನವರಿಗೆ ಗೊತ್ತಾಗುತ್ತಿತ್ತು. ಮೇಲಿನ ಮಹಡಿಯ ನಮ್ಮೂರ ಕಡೆಯ ಹೆಂಗಸೊಬ್ಬರು ನಸುಕಿಗೆ ಒರಳಿನಲ್ಲಿ ಇಡ್ಲಿಹಿಟ್ಟು ರುಬ್ಬಲು ಕೂತರೆ ನಮ್ಮ ಮನೆಯ ದೇವರ ಪಟಗಳು ಅಲುಗುತ್ತಿದ್ದವು. ನನ್ನ ತಾಯಿ ದೂರಲಿಲ್ಲ. ಬೆಳಗಾದ ಮೇಲೆ ಒಂದು ಪಾತ್ರೆ ಕಳಿಸುತ್ತಿದ್ದಳು, ಅದು ಹಿಟ್ಟು ತುಂಬಿಕೊಂಡು ಬರುತ್ತಿತ್ತು. ಈಗಿನ ಮಿಕ್ಸಿಯವರಿಂದ ಸದ್ದು ಮಾತ್ರ ಬರುತ್ತದೆ. ಅಂದಹಾಗೆ, ಎನ್‌ಕೆಇಎಸ್ ಶಾಲೆಯಿರುವ ಇದೇ ವಡಾಲ ಕನ್ನಡದ ಮಗ್ಗಿ ಕೇಳಿ ಬೆಳೆದದ್ದು. ಮುಂಬಯಿಯ ಕನ್ನಡ ಶಾಲೆಗಳ ಕೋಣೆಗಳು ಒಂದೊಂದಾಗಿ ನಿಶ್ಶಬ್ದವಾಗುತ್ತ ಬಂದವಲ್ಲ, ಅದಕ್ಕೆ ಯಾವ ಪ್ಯಾನೆಲ್ಲೂ ಬೇಕಾಗಲಿಲ್ಲ. ಇಂಗ್ಲಿಷ್ ಮೀಡಿಯಮ್ಮಿನ ಅರ್ಜಿ ಫಾರ್ಮು ಸಾಕಾಯಿತು.

ಇರಲಿ, ಇಟ್ಟಿಗೆಗೆ ಮರಳೋಣ. ಮರುಬಳಕೆಯ ಮಾತಾಡುವವರು ಒಡೆದ ಕಟ್ಟಡಗಳ ಹಳೆಯ ಇಟ್ಟಿಗೆಗಳು ಎಲ್ಲಿ ಹೋದವು ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ? ಡಂಪರಿನಲ್ಲಿ. ಪಾಲಿಕೆ ದಹಿಸರ್‌ನಲ್ಲಿ ಮತ್ತು ಶೀಳಫಾಟಾ ಹತ್ತಿರದ ಡಾಯಿಘರ್‌ನಲ್ಲಿ ದಿನಕ್ಕೆ ತಲಾ 600 ಟನ್ ಅವಶೇಷ ಅರೆಯುವ ಘಟಕಗಳನ್ನು ಮಾಡಿಸಿದೆ. ಅಲ್ಲಿಗೆ ತಲುಪಿದ್ದು ಜಲ್ಲಿ, ಮರಳು, ಫುಟ್‌ಪಾತಿನ ಬ್ಲಾಕು ಆಗಬಹುದು. ತಲುಪದ್ದು ರಾತ್ರೋರಾತ್ರಿ ಖಾಡಿಯ ದಂಡೆಯ ಕಾಂಡ್ಲಾ ಬುಡಕ್ಕೆ. ಸದ್ದು ತಡೆಯುವ ವಿದ್ಯೆಗೆ ಬೇಕಾದ ತೂಕ ಇರುವುದೇ ಆ ರಾಶಿಯಲ್ಲಿ. ಅರೆದ ಹಳೆ ಗೋಡೆಯಿಂದ ಭಾರದ ಘನ ಬ್ಲಾಕು ಮಾಡಿ, ಕನಿಷ್ಠ ಎರಡು ಮನೆಗಳ ನಡುವಿನ ಗೋಡೆಗಾದರೂ ಅದನ್ನೇ ಇಟ್ಟರೆ ಮರುಬಳಕೆಯೂ ಆಯಿತು, ನಿದ್ದೆಯೂ ಆಯಿತು. ಆದರೆ ಗೋಡೆಯನ್ನು ಹೊರಹಾಕಿ, ಬಾಟಲಿಯನ್ನು ಒಳತಂದು, ಅದಕ್ಕೆ ಪರಿಸರಪ್ರೇಮ ಎಂದು ಹೆಸರಿಟ್ಟಿದ್ದೇವೆ.

ಬಾಟಲಿಯ ಉಣ್ಣೆಗೂ ಸರಿಯಾದ ಜಾಗವಿದೆ. ಗೋಡೆಯ ಮೇಲಲ್ಲ, ಗೋಡೆಯ ಒಳಗೆ. ಒಂದಕ್ಕೊಂದು ತಾಗದ ಎರಡು ತೆಳುಗೋಡೆ ಕಟ್ಟಿ, ನಡುವಿನ ಪೊಳ್ಳಿನಲ್ಲಿ ಅದನ್ನೋ ಹಳೆ ಬಟ್ಟೆಯ ಅರಳೆಯನ್ನೋ ತುಂಬಿದರೆ ಹಗುರ ಗೋಡೆಯೂ ಭಾರದ್ದಕ್ಕೆ ಸಮ ನಿಲ್ಲುತ್ತದೆ. ಧಾರಾವಿಯ ತೇರಾ ಕಂಪೌಂಡ್ ಪ್ಲಾಸ್ಟಿಕ್ ವಿಂಗಡಿಸುವುದು ನಮ್ಮಿಂದ ಕೂಗಳತೆಯಲ್ಲಿ, ಕಚ್ಚಾಮಾಲಿಗೇನೂ ಬರವಿಲ್ಲ. ಮೇಲಿನ ಮನೆಯ ಕುರ್ಚಿ ಎಳೆತ, ಹಿಮ್ಮಡಿಯ ಗುದ್ದು ಇವಕ್ಕೆ ಹಳೆಯ ಟೈರು ಪುಡಿ ಮಾಡಿ ಒತ್ತಿದ ರಬ್ಬರ್ ಹಾಸು ಇದೆ. ಸ್ಲ್ಯಾಬಿನ ಮೇಲೆ ಅದು, ಅದರ ಮೇಲೆ ಕಾಂಕ್ರೀಟಿನ ಪದರ, ಆಮೇಲೆ ಟೈಲ್ಸು. ಅಂಚು ಗೋಡೆಗೆ ತಾಗಬಾರದು, ತಾಗಿದರೆ ಅಲ್ಲಿಂದಲೇ ಸದ್ದು ಇಳಿಯುತ್ತದೆ. ಆದರೆ ಇದೆಲ್ಲ ಕಟ್ಟುವಾಗ ಆಗಬೇಕು. ಟೈಲ್ಸು ಕೂತ ಮೇಲೆ ಕೆಳಗಿನ ಮನೆಯವನು ತನ್ನ ಚಾವಣಿಗೆ ಏನು ಅಂಟಿಸಿದರೂ ಅರ್ಧಂಬರ್ಧವೇ. ಲಾರಿ ಟರ್ಮಿನಲ್ ಇರುವ ಊರಿನಲ್ಲಿ ಸವೆದ ಟೈರಿಗೂ ಬರವಿಲ್ಲ. ಬರ ಇರುವುದು ಈ ಪದರಗಳಿಗೆ ಬಿಲ್ಡರ್ ಬಿಟ್ಟುಕೊಡಬೇಕಾದ ಇಂಚುಗಳಿಗೆ.

ನಿಜವಾಗಿ ಸದ್ದಿನ ನಡುವೆ ಬದುಕುವವರ ಪಾಡು ಬೇರೆಯೇ ಇದೆ. ನಮ್ಮ ಬೀದಿಯ ಸೈಟಿನಲ್ಲಿ ಬ್ರೇಕರ್ ಹಿಡಿದು ಗೋಡೆ ಒಡೆಯುವ ಹುಡುಗನನ್ನು ಮಾತಾಡಿಸಿದೆ. ಕಲಬುರಗಿ ಕಡೆಯವನು. ಆ ಯಂತ್ರದ ಪಕ್ಕ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಕಿವಿಗೆ ಏನೂ ಕೊಟ್ಟಿಲ್ಲವೇ ಎಂದೆ. "ಹಳೀ ಬನೀನಿನ ಅರಿವಿ ತುರಕ್ಕೊಂಡೀನ್ರಿ. ಮಲಗಿದ್ರೂ ಒಳಗ ಗುಂಯ್ ಅಂತಾವ" ಎಂದ. ಮಲಗುವುದು ಅದೇ ಸೈಟಿನ ತಗಡಿನ ಶೆಡ್ಡಿನಲ್ಲಿ. ಮರುಬಳಕೆಯ ವಸ್ತುವಿನಿಂದ ಸದ್ದು ತಡೆಯುವ ತಂತ್ರವನ್ನು ವಡಾಲದಲ್ಲಿ ಪ್ರಾಮಾಣಿಕವಾಗಿ ಬಳಸುತ್ತಿರುವವನು ಅವನೊಬ್ಬನೇ. ಅವನ ಸುದ್ದಿ ಯಾವ ಬ್ರೋಶರಿನಲ್ಲೂ ಇಲ್ಲ.

ರೀಡೆವಲಪ್‌ಮೆಂಟಿಗೆ ಸಹಿ ಹಾಕಲು ಪೆನ್ನು ತೆರೆದು ಕೂತಿರುವ ಸೊಸೈಟಿಗಳಿಗೆ ನನ್ನದೊಂದೇ ಕೋರಿಕೆ. ಜಿಮ್ಮು, ತೂಗುತೋಟ, ಲಾಬಿಯ ಇಟಾಲಿಯನ್ ಮಾರ್ಬಲ್ಲು ಎಲ್ಲ ಕೇಳಿ. ಅದರ ಜೊತೆಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಕೀಲಿಕೈ ಕೊಡುವ ಮೊದಲು ಒಂದು ಫ್ಲ್ಯಾಟಿನಲ್ಲಿ ಸ್ಪೀಕರ್ ಇಟ್ಟು, ಪಕ್ಕದ ಫ್ಲ್ಯಾಟಿನಲ್ಲಿ ಮೀಟರ್ ಇಟ್ಟು ಅಳೆಯತಕ್ಕದ್ದು, ಗೋಡೆ ಸೋತರೆ ಸರಿಮಾಡುವ ತನಕ ನಮ್ಮ ಭಾಡೆ ಬಿಲ್ಡರನ ತಲೆಯ ಮೇಲೆ. ಇಂಗ್ಲೆಂಡಿನಲ್ಲಿ 2003ರಿಂದ ಇಂಥ ಪರೀಕ್ಷೆ ಕಟ್ಟಡ ನಿಯಮದಲ್ಲೇ ಇದೆ. ಆ ಸಾಲನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಅಲ್ಲಿಯ ತನಕ ಬಾಯಿ ಮುಚ್ಚದೆ ಮಾತಾಡುತ್ತಿದ್ದ ಬಿಲ್ಡರನ ಕಡೆಯವರು ಒಮ್ಮೆಲೇ ಗಪ್‌ಚಿಪ್ ಆಗುತ್ತಾರೆ. ವಡಾಲದಲ್ಲಿ ಖಾತರಿಯಾಗಿ ಕೆಲಸ ಮಾಡುವ ಧ್ವನಿನಿರೋಧಕ ಸದ್ಯಕ್ಕೆ ಅದೊಂದೇ.